ಬೂಟ್ ಮೆನುವಿನಲ್ಲಿ ಉಳಿದ ಹಳೆಯ ಹೆಸರು: ಹುಡುಕುವುದು ಹೇಗೆ, ಅಳಿಸುವುದು ಹೇಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಗಡುವಿನ ಆಸುಪಾಸಿನಲ್ಲಿ ಅನೇಕರು ಹೊಸ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ವಿಂಡೋಸ್ 11 ಕೂರಿಸಿಕೊಂಡರು. ಟಿಪಿಎಂ 2.0 ಇಲ್ಲದ, ಹೊಸ ವಿಂಡೋಸ್‌ನ ಷರತ್ತಿಗೆ ಒಗ್ಗದ ಹಳೆಯ ಲ್ಯಾಪ್‌ಟಾಪ್ ಇದ್ದವರು ಉಬುಂಟು ಅಥವಾ ಲಿನಕ್ಸ್ ಮಿಂಟ್ ಕಡೆ ಹೊರಳಿದರು. ಇನ್ನು ಕೆಲವರು ಲಿನಕ್ಸ್‌ನ ರುಚಿ ನೋಡಿ, ಒಗ್ಗದೆ, ಅದರ ಪಾರ್ಟಿಷನ್ ಅಳಿಸಿ ವಿಂಡೋಸ್‌ಗೇ ಮರಳಿದರು. ಮೂರೂ ಗುಂಪಿನವರಿಗೆ ಕಾಡುವ ಕಿರಿಕಿರಿ ಒಂದೇ. ಯಂತ್ರ ಶುರುವಾದಾಗ ಬೇಡದ ಹಳೆಯ ಹೆಸರೊಂದು ಪರದೆಯ ಮೇಲೆ ಬಂದು ‘ಯಾವುದು ಬೇಕು’ ಎಂದು ಕೇಳುತ್ತದೆ. ಉತ್ತರ ಕೊಡದಿದ್ದರೆ ವಿಂಡೋಸ್‌ನ ಮೆನು 30 ಸೆಕೆಂಡ್ ಕಾಯಿಸುತ್ತದೆ. ಕೆಲವೊಮ್ಮೆ ಈಗಿಲ್ಲದ ವ್ಯವಸ್ಥೆಯನ್ನೇ ಮೊದಲ ಆಯ್ಕೆ ಮಾಡಿಕೊಂಡು ದೋಷದ ಸಂದೇಶ ತೋರಿಸಿ ನಿಂತುಬಿಡುತ್ತದೆ.

ಊರು ಬಿಟ್ಟು ಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದುಬಿಟ್ಟಂತೆ ಇದು. ಪಟ್ಟಿಯೇ ಬೇರೆ, ಮನುಷ್ಯನೇ ಬೇರೆ. ಮನೆ ಖಾಲಿ ಮಾಡಿದ ಮಾತ್ರಕ್ಕೆ ಹೆಸರು ಹೋಗುವುದಿಲ್ಲ. ಹೆಸರು ಹೊಡೆದ ಮಾತ್ರಕ್ಕೆ ಮನೆ ಖಾಲಿಯಾಗುವುದೂ ಇಲ್ಲ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ, ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಕಂಡುಹಿಡಿಯುವುದು.

ಮುಂದೆ ಬರುವ ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಹೆಸರಿನ ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ಮೂರು ಪಟ್ಟಿ, ಮೂರು ಜಾಗ

ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರವಾಗುವುದು ಮದರ್‌ಬೋರ್ಡ್‌ನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಬಾಯಿಮಾತಿನಲ್ಲಿ ಅದನ್ನು ಇಂದಿಗೂ ಬಯೋಸ್ ಎನ್ನುತ್ತೇವೆ. ಈಚಿನ ಯಂತ್ರಗಳಲ್ಲಿ ಇರುವುದು ಅದರ ಉತ್ತರಾಧಿಕಾರಿ ಯುಇಎಫ್‌ಐ. ಇದಕ್ಕೆ ತನ್ನದೇ ಒಂದು ಪುಟ್ಟ ನೆನಪಿನ ಕೋಶವಿದೆ, ಹೆಸರು ಎನ್‌ವಿರಾಮ್. ಬೂಟ್0000, ಬೂಟ್0001 ಎಂಬ ಸಂಖ್ಯೆಗಳೊಂದಿಗೆ ಯಾವ ಯಾವ ವ್ಯವಸ್ಥೆಯನ್ನು ಶುರುಮಾಡಬಹುದು, ಯಾವುದು ಮೊದಲು, ಯಾವುದು ನಂತರ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಇದು ಮೊದಲ ಪಟ್ಟಿ. ಇದು ಡಿಸ್ಕಿನಲ್ಲಿಲ್ಲ. ಹಾಗಾಗಿ ಡಿಸ್ಕನ್ನು ಪೂರ್ತಿ ಒರೆಸಿ ಹಾಕಿದರೂ ಇಲ್ಲಿನ ಹೆಸರು ಉಳಿಯಬಹುದು.

ಎರಡನೆಯದು ವಿಂಡೋಸ್‌ನ ಸ್ವಂತ ಪಟ್ಟಿ. ಎಕ್ಸ್‌ಪಿ ಕಾಲದಲ್ಲಿ ಅದು ಬೂಟ್ ಡಾಟ್ ಐಎನ್‌ಐ ಎಂಬ ಸರಳ ಪಠ್ಯ ಕಡತವಾಗಿತ್ತು, ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಸಾಲು ಅಳಿಸಿದರೆ ಮುಗಿಯುತ್ತಿತ್ತು. ವಿಸ್ಟಾದಿಂದ ಈಚೆಗೆ ಆ ಜಾಗಕ್ಕೆ ಬಿಸಿಡಿ ಎಂಬ ದತ್ತಸಂಚಯ ಬಂದಿದೆ. ಅದನ್ನು ಬದಲಿಸಲು ಅದರದೇ ಸಲಕರಣೆ ಬೇಕು.

ಮೂರನೆಯದು ಲಿನಕ್ಸ್‌ನದು. ಹೆಚ್ಚಿನ ಲಿನಕ್ಸ್‌ಗಳು ಗ್ರಬ್ ಎಂಬ ಬೂಟ್‌ಲೋಡರ್ ಬಳಸುತ್ತವೆ. ತನ್ನ ಮೆನುವನ್ನು ಗ್ರಬ್ ಒಂದು ಕಡತದಲ್ಲಿ ಸಿದ್ಧಪಡಿಸಿ ಇಟ್ಟುಕೊಂಡಿರುತ್ತದೆ. ಮತ್ತೆ ಸಿದ್ಧಪಡಿಸು ಎಂದು ಹೇಳುವವರೆಗೂ ಅದರಲ್ಲಿ ಹಳೆಯ ಹೆಸರೇ ಇರುತ್ತದೆ.

ಈ ಮೂರಕ್ಕೂ ಸಂಬಂಧಪಟ್ಟ ಕಡತಗಳು ಸೇರುವ ಜಾಗವೊಂದಿದೆ, ಅದೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ವಿಂಡೋಸ್ ಮಾಡಿದ್ದಾದರೆ ಸಾಮಾನ್ಯವಾಗಿ 100 ಎಂಬಿಯಷ್ಟು ಪುಟ್ಟದು, ಫ್ಯಾಟ್32 ಮಾದರಿಯದು, ಡ್ರೈವ್ ಅಕ್ಷರವಿಲ್ಲದ್ದರಿಂದ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಣುವುದಿಲ್ಲ. ಅದರೊಳಗಿನ ಇಎಫ್‌ಐ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಉಬುಂಟು, ಬೂಟ್ ಹೀಗೆ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್. ಫರ್ಮ್‌ವೇರ್‌ನ ಪಟ್ಟಿ ಬೊಟ್ಟು ಮಾಡುವುದು ಇಲ್ಲಿರುವ ಕಡತಗಳ ಕಡೆಗೇ.

ಹೆಸರು ಯಾವ ಪಟ್ಟಿಯದು?

ಪರದೆಯೇ ಸುಳಿವು ಕೊಡುತ್ತದೆ. ನೀಲಿ ಹಿನ್ನೆಲೆ, ‘ಚೂಸ್ ಆ್ಯನ್ ಆಪರೇಟಿಂಗ್ ಸಿಸ್ಟಮ್’ ಎಂಬ ತಲೆಬರಹ, ಕೆಳಗೆ ದೊಡ್ಡ ಚೌಕಗಳಲ್ಲಿ ಹೆಸರುಗಳು ಇದ್ದರೆ ಅದು ವಿಂಡೋಸ್‌ನ ಬಿಸಿಡಿ. ಕಪ್ಪು ಅಥವಾ ನೇರಳೆ ಹಿನ್ನೆಲೆಯಲ್ಲಿ ಬರೀ ಅಕ್ಷರಗಳ ಸಾಲು, ಜೊತೆಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಸಾಲೂ ಕಂಡರೆ ಅದು ಗ್ರಬ್. ಶುರುವಾಗುವಾಗ ಎಫ್12 (ಡೆಲ್, ಲೆನೊವೊ), ಎಫ್9 (ಎಚ್‌ಪಿ) ಅಥವಾ ಎಸ್ಕೇಪ್ (ಅಸೂಸ್) ಕೀಲಿ ಒತ್ತಿದಾಗ ಮಾತ್ರ ಕಾಣುವ ಹೆಸರಾದರೆ ಅದು ಫರ್ಮ್‌ವೇರ್‌ನ ಪಟ್ಟಿ. ಮಾದರಿಯಿಂದ ಮಾದರಿಗೆ ಈ ಕೀಲಿಗಳು ಬದಲಾಗುವುದುಂಟು. ಕೀಲಿ ಒತ್ತಲು ಸಮಯ ಸಿಗದಷ್ಟು ಬೇಗ ಯಂತ್ರ ಏಳುತ್ತಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ಪರದೆಯಿಂದ ಫರ್ಮ್‌ವೇರ್ ಸೆಟ್ಟಿಂಗಿಗೆ ಹೋಗಬಹುದು.

ಯಂತ್ರ ಯುಇಎಫ್‌ಐ ರೀತಿಯಲ್ಲಿ ಏಳುತ್ತಿದೆಯೋ ಹಳೆಯ ಬಯೋಸ್ ರೀತಿಯಲ್ಲೋ ಎಂಬುದನ್ನೂ ನೋಡಿಕೊಳ್ಳಿ. ವಿಂಡೋಸ್ ಹುಡುಕುವ ಪೆಟ್ಟಿಗೆಯಲ್ಲಿ ‘ಎಂಎಸ್‌ಇನ್ಫೋ32’ ಎಂದು ಕೊಟ್ಟರೆ ತೆರೆಯುವ ಪುಟದಲ್ಲಿ ‘ಬಯೋಸ್ ಮೋಡ್’ ಎಂಬ ಸಾಲಿದೆ. ಅಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದಿರುತ್ತದೆ.

ಕೈ ಹಾಕುವ ಮುನ್ನ

ಮೂರು ಸಿದ್ಧತೆ ಬೇಕು. ಮೊದಲನೆಯದು, ಹಳೆಯ ವ್ಯವಸ್ಥೆಯಲ್ಲಿದ್ದ ಫೋಟೊ, ದಾಖಲೆ, ಟ್ಯಾಲಿ ಡೇಟಾ, ನುಡಿ ಕಡತ, ಏನಿದೆಯೋ ಅದೆಲ್ಲದರ ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ. ಎರಡನೆಯದು, ಬಿಟ್‌ಲಾಕರ್. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ನಿಮಗೆ ಹೇಳದೆಯೇ ಡಿಸ್ಕನ್ನು ಗೂಢಲಿಪಿಗೆ ಬದಲಿಸಿರುವ ಸಾಧ್ಯತೆ ಇದೆ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ತೆಗೆದು ಕಾಗದದಲ್ಲಿ ಬರೆದಿಡಿ. ಮೂರನೆಯದು, ಬೂಟ್ ಆಗುವ ಒಂದು ಯುಎಸ್‌ಬಿ, ವಿಂಡೋಸ್‌ನದೋ ಲಿನಕ್ಸ್‌ನದೋ. ಎಡವಟ್ಟಾದರೆ ಯಂತ್ರದೊಳಗೆ ಹೋಗಲು ಅದೇ ದಾರಿ.

ಹಳೆಯ ಡಿಸ್ಕಿನಲ್ಲಿ ಅಡಗಿರುವ ಹೊಸ ಬೂಟ್‌ಲೋಡರ್

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಹಳೆಯ ಹಾರ್ಡ್ ಡಿಸ್ಕ್ ಯಂತ್ರದಲ್ಲೇ ಇರುವಾಗ ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಅನುಸ್ಥಾಪಿಸಿದರೆ, ಸೆಟಪ್ ತಂತ್ರಾಂಶ ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್‌ನನ್ನೇ ಬಳಸಿಕೊಳ್ಳುತ್ತದೆ. ಅಂದರೆ ವಿಂಡೋಸ್ 11 ಹೊಸ ಡಿಸ್ಕಿನಲ್ಲಿ, ಅದನ್ನು ಎಬ್ಬಿಸುವ ಕಡತ ಹಳೆಯ ಡಿಸ್ಕಿನಲ್ಲಿ. ಮೆನುವಿನಲ್ಲಿ ಎರಡು ಹೆಸರು ಬರುವುದೂ ಇದೇ ಕಾರಣಕ್ಕೆ, ಎರಡು ವಿಂಡೋಸ್‌ಗೂ ಬಿಸಿಡಿ ಒಂದೇ. ಈ ಸ್ಥಿತಿಯಲ್ಲಿ ‘ಹಳೆಯದು ಹೇಗೂ ಬೇಡ’ ಎಂದು ಹಳೆಯ ಡಿಸ್ಕನ್ನು ಕಿತ್ತರೆ ಅಥವಾ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಹೊಸ ವಿಂಡೋಸ್ ಕೂಡ ಏಳುವುದಿಲ್ಲ.

ಪರೀಕ್ಷೆ ಸುಲಭ. ಸ್ಟಾರ್ಟ್ ಬಟನ್ ಮೇಲೆ ಬಲಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’ ಎಂಬ ಪುಟ್ಟ ಭಾಗ ಯಾವ ಡಿಸ್ಕಿನ ಸಾಲಿನಲ್ಲಿದೆ ನೋಡಿ. ವಿಂಡೋಸ್ 11 ಇರುವ ಡಿಸ್ಕಿನಲ್ಲೇ ಇದ್ದು, ಹಳೆಯ ಡಿಸ್ಕ್ ಕಳಚಿಟ್ಟಾಗಲೂ ಯಂತ್ರ ಏಳುತ್ತಿದ್ದರೆ ಚಿಂತೆಯಿಲ್ಲ. ಹಳೆಯ ಡಿಸ್ಕಿನಲ್ಲಿ ಮಾತ್ರ ಇದ್ದರೆ ಮೊದಲು ಹೊಸ ಡಿಸ್ಕಿನಲ್ಲಿ ಅಂಥದೊಂದು ಭಾಗ ಮಾಡಿಕೊಳ್ಳಬೇಕು. ಡಿಸ್ಕ್ ಜಿಪಿಟಿ ಮಾದರಿಯದಾಗಿರಬೇಕು. ಅದರಲ್ಲಿ ಸುಮಾರು 260 ಎಂಬಿ ಜಾಗ ಬಿಡಿಸಿಕೊಂಡು, ಡಿಸ್ಕ್‌ಪಾರ್ಟ್ ಸಲಕರಣೆಯಿಂದ ಅಲ್ಲಿ ಇಎಫ್‌ಐ ಮಾದರಿಯ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ತಾತ್ಕಾಲಿಕವಾಗಿ ಎಸ್ ಎಂಬ ಅಕ್ಷರ ಕೊಡಿ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಆದೇಶ:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

ಇದು ವಿಂಡೋಸ್‌ನ ಬೂಟ್ ಕಡತಗಳನ್ನು ಹೊಸ ಭಾಗಕ್ಕೆ ನಕಲಿಸಿ, ಹೊಸ ಬಿಸಿಡಿಯನ್ನು ಕಟ್ಟಿಕೊಡುತ್ತದೆ. ಆ ಹೊಸ ಪಟ್ಟಿಯಲ್ಲಿ ಹಳೆಯ ವಿಂಡೋಸ್‌ನ ಹೆಸರೇ ಇರುವುದಿಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ಮಾತ್ರ ಎಚ್ಚರ. ತಪ್ಪು ಡಿಸ್ಕ್ ಆರಿಸಿದರೆ ಅದು ಮರುಪ್ರಶ್ನೆ ಕೇಳದೆ ಕೆಲಸ ಮುಗಿಸಿಬಿಡುತ್ತದೆ. ಇನ್ನೂ ಅನುಸ್ಥಾಪನೆ ಮಾಡಿಲ್ಲದವರಿಗೆ ಇದಕ್ಕಿಂತ ಸುಲಭದ ದಾರಿಯಿದೆ: ಹಳೆಯ ಡಿಸ್ಕನ್ನು ಕಳಚಿಟ್ಟು ಹೊಸದನ್ನು ಅನುಸ್ಥಾಪಿಸಿ. ಈ ತೊಡಕು ಹುಟ್ಟುವುದೇ ಇಲ್ಲ.

ವಿಂಡೋಸ್ ಪಟ್ಟಿಯಿಂದ ತೆಗೆಯುವುದು

ನೀಲಿ ಪರದೆಯ ಹೆಸರಿಗೆ ಮದ್ದು ಸರಳ. ಉಳಿಸಿಕೊಳ್ಳಬೇಕಾದ ವಿಂಡೋಸ್‌ಗೆ ಹೋಗಿ, ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ ‘ಎಂಎಸ್‌ಕಾನ್ಫಿಗ್’ ಎಂದು ಕೊಡಿ. ತೆರೆಯುವ ಕಿಟಕಿಯಲ್ಲಿ ‘ಬೂಟ್’ ಎಂಬ ವಿಭಾಗವಿದೆ. ನೀವು ಈಗ ಬಳಸುತ್ತಿರುವ ವ್ಯವಸ್ಥೆಯ ಮುಂದೆ ‘ಕರೆಂಟ್ ಓಎಸ್’ ಎಂದಿರುತ್ತದೆ. ಅದೇ ‘ಡೀಫಾಲ್ಟ್’ ಕೂಡ ಆಗಿರದಿದ್ದರೆ ಅದನ್ನು ಆರಿಸಿ ‘ಸೆಟ್ ಆ್ಯಸ್ ಡೀಫಾಲ್ಟ್’ ಒತ್ತಿ. ಆಮೇಲೆ ಹಳೆಯ ಹೆಸರನ್ನು ಆರಿಸಿ ‘ಡಿಲೀಟ್’, ನಂತರ ‘ಓಕೆ’. ಚಾಲ್ತಿಯಲ್ಲಿರುವ ವ್ಯವಸ್ಥೆಯ ಹೆಸರನ್ನು ಇಲ್ಲಿ ಅಳಿಸಲು ಬಿಡುವುದಿಲ್ಲವಾದ್ದರಿಂದ ಅಪಾಯ ಕಡಿಮೆ. ಪಟ್ಟಿಯಲ್ಲಿ ಒಂದೇ ಹೆಸರು ಉಳಿದರೆ ಮೆನು ಬರುವುದೇ ಇಲ್ಲ, ಯಂತ್ರ ನೇರವಾಗಿ ಏಳುತ್ತದೆ. ಎರಡೂ ಬೇಕು, ಕಾಯುವುದು ಮಾತ್ರ ಬೇಡ ಎನ್ನುವವರು ಅದೇ ಕಿಟಕಿಯ ‘ಟೈಮ್‌ಔಟ್’ ಅನ್ನು 30ರಿಂದ 5ಕ್ಕೆ ಇಳಿಸಿಕೊಳ್ಳಬಹುದು.

ಅರ್ಧಕ್ಕೆ ನಿಂತ ಅನುಸ್ಥಾಪನೆಯಿಂದ ‘ವಿಂಡೋಸ್ ಸೆಟಪ್’, ‘ವಿಂಡೋಸ್ ರೋಲ್‌ಬ್ಯಾಕ್’ ಎಂಬ ಹೆಸರುಗಳು ಉಳಿಯುವುದುಂಟು. ಈ ಕಿಟಕಿಯಲ್ಲಿ ಕಾಣದ ಅಂಥವಕ್ಕೆ ಕಮಾಂಡ್ ಪ್ರಾಂಪ್ಟ್ ಬೇಕು. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ‘ಬಿಸಿಡಿಎಡಿಟ್ /ಎಕ್ಸ್‌ಪೋರ್ಟ್’ ಎಂದು ಬರೆದು, ಮುಂದೆ ಒಂದು ಕಡತದ ಹೆಸರು ಕೊಟ್ಟು ಪಟ್ಟಿಯ ಪ್ರತಿ ಇಟ್ಟುಕೊಳ್ಳಿ. ಕೆಟ್ಟರೆ ‘/ಇಂಪೋರ್ಟ್’ನಿಂದ ಹಿಂದಿನ ಸ್ಥಿತಿಗೆ ತರಬಹುದು. ನಂತರ ‘ಬಿಸಿಡಿಎಡಿಟ್’ ಎಂದಷ್ಟೇ ಕೊಟ್ಟರೆ ಪಟ್ಟಿ ಕಾಣುತ್ತದೆ. ಪ್ರತಿ ಹೆಸರಿಗೂ ‘ಐಡೆಂಟಿಫೈಯರ್’, ‘ಡಿವೈಸ್’, ‘ಡಿಸ್ಕ್ರಿಪ್ಷನ್’ ಎಂಬ ಸಾಲುಗಳಿರುತ್ತವೆ. ‘ಡಿವೈಸ್’ ಎದುರು ‘ಅನ್‌ನೋನ್’ ಎಂದಿದ್ದರೆ ಆ ಪಾರ್ಟಿಷನ್ ಈಗಿಲ್ಲ ಎಂದರ್ಥ, ಅದು ಸತ್ತ ಹೆಸರು. ಪುಷ್ಪಾವರಣದೊಳಗಿರುವ ಅದರ ಉದ್ದನೆಯ ಗುರುತನ್ನು ನಕಲಿಸಿಕೊಂಡು ‘ಬಿಸಿಡಿಎಡಿಟ್ /ಡಿಲೀಟ್’ ಮುಂದೆ ಆವರಣಸಹಿತ ಅಂಟಿಸಿ. ಪವರ್‌ಶೆಲ್‌ನಲ್ಲಿ ಪುಷ್ಪಾವರಣಕ್ಕೆ ಬೇರೆ ಕೆಲಸವಿರುವುದರಿಂದ ಅಲ್ಲಿ ಇದೇ ಆದೇಶ ದೋಷ ತೋರಿಸುತ್ತದೆ. ಕಮಾಂಡ್ ಪ್ರಾಂಪ್ಟ್ ಎಂದು ಹೇಳಿದ್ದು ಅದಕ್ಕೇ. ‘ಕರೆಂಟ್’ ಮತ್ತು ‘ಬೂಟ್‌ಎಂಜಿಆರ್’ ಎಂಬ ಗುರುತಿನ ಹೆಸರುಗಳನ್ನು ಮುಟ್ಟಬೇಡಿ.

ಹೆಸರು ಹೋದ ಮೇಲೂ ಹಳೆಯ ವಿಂಡೋಸ್ ತನ್ನ ಪಾರ್ಟಿಷನ್‌ನಲ್ಲಿ ಹಾಗೇ ಕುಳಿತಿರುತ್ತದೆ. ಜಾಗ ಬೇಕಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿ ಡೇಟಾ ಇಡಲು ಬಳಸಿ. ಸಿ ಡ್ರೈವ್‌ಗೆ ಸೇರಿಸಬೇಕಿದ್ದರೆ ಆ ಖಾಲಿ ಜಾಗ ಅದೇ ಡಿಸ್ಕಿನಲ್ಲಿ, ಸಿ ಡ್ರೈವ್‌ನ ಬಲಕ್ಕೆ ತಾಗಿಯೇ ಇರಬೇಕು. ಇಲ್ಲದಿದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಆಯ್ಕೆ ಮಂಕಾಗಿ ಕಾಣುತ್ತದೆ.

ಲಿನಕ್ಸ್ ಹೋಯಿತು, ‘ಉಬುಂಟು’ ಉಳಿಯಿತು

ವಿಂಡೋಸ್ ಒಳಗಿನಿಂದಲೇ ಲಿನಕ್ಸ್ ಪಾರ್ಟಿಷನ್ ಅಳಿಸಿದವರಿಗೆ ಮುಂದಿನ ಸಲ ‘ಗ್ರಬ್’ ಎಂಬ ಕಪ್ಪು ಪರದೆಯ ಪ್ರಾಂಪ್ಟ್ ಎದುರಾಗುತ್ತದೆ. ಗ್ರಬ್‌ನ ಮೊದಲ ತುಣುಕು ಇಎಫ್‌ಐ ಪಾರ್ಟಿಷನ್‌ನಲ್ಲಿ ಉಳಿದಿದೆ, ಅದು ಹುಡುಕುವ ಮೆನು ಕಡತ ಅಳಿಸಿಹೋದ ಲಿನಕ್ಸ್ ಪಾರ್ಟಿಷನ್‌ನಲ್ಲಿತ್ತು. ಹೆದರಬೇಕಿಲ್ಲ, ವಿಂಡೋಸ್‌ಗೆ ಏನೂ ಆಗಿಲ್ಲ. ಯಂತ್ರವನ್ನು ಮತ್ತೆ ಶುರುಮಾಡಿ ಎಫ್12ರಂಥ ಕೀಲಿಯಿಂದ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಒಳಗೆ ಹೋಗಬಹುದು.

ಈಗ ತೆಗೆಯಬೇಕಾದ್ದು ಎರಡು, ಫರ್ಮ್‌ವೇರ್‌ನಲ್ಲಿರುವ ಹೆಸರು ಮತ್ತು ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಫೋಲ್ಡರ್. ಹೆಸರಿಗೆ, ‘ಬಿಸಿಡಿಎಡಿಟ್ /ಎನಮ್ ಫರ್ಮ್‌ವೇರ್’ ಎಂದು ಕೊಡಿ. ಎನಮ್ ಎಂಬುದರ ಅಕ್ಷರಗಳು ಇ, ಎನ್, ಯು, ಎಂ. ‘ಉಬುಂಟು’ ಎಂಬ ವಿವರಣೆ ಇರುವ ಭಾಗದ ಗುರುತನ್ನು ನಕಲಿಸಿ, ಮೇಲಿನಂತೆಯೇ ಡಿಲೀಟ್ ಆದೇಶ ಕೊಡಿ. ಫೋಲ್ಡರಿಗೆ, ‘ಮೌಂಟ್‌ವಾಲ್ ಎಸ್: /ಎಸ್’ ಎಂದರೆ ಇಎಫ್‌ಐ ಪಾರ್ಟಿಷನ್‌ಗೆ ಎಸ್ ಎಂಬ ಅಕ್ಷರ ಸಿಗುತ್ತದೆ. ‘ಡಿಐಆರ್ ಎಸ್:\ಇಎಫ್‌ಐ’ ಎಂದು ಒಳಗೇನಿದೆ ನೋಡಿ. ನಂತರ ‘ಆರ್‌ಡಿ /ಎಸ್ ಎಸ್:\ಇಎಫ್‌ಐ\ಉಬುಂಟು’ ಎಂದರೆ ಆ ಫೋಲ್ಡರ್ ಹೋಗುತ್ತದೆ. ಕೊನೆಗೆ ‘ಮೌಂಟ್‌ವಾಲ್ ಎಸ್: /ಡಿ’ ಎಂದು ಅಕ್ಷರ ಹಿಂದಕ್ಕೆ ಪಡೆಯಿರಿ. ಅಲ್ಲಿರುವ ಮೈಕ್ರೋಸಾಫ್ಟ್ ಮತ್ತು ಬೂಟ್ ಫೋಲ್ಡರುಗಳು, ಲ್ಯಾಪ್‌ಟಾಪ್ ತಯಾರಕರ ಹೆಸರಿನ ಫೋಲ್ಡರ್ ಇದ್ದರೆ ಅದೂ, ಹಾಗೇ ಇರಲಿ.

‘ಅಳಿಸಿದೆ, ಮತ್ತೆ ಬಂತು’ ಎಂಬ ದೂರು ಬಹಳ ಸಾಮಾನ್ಯ. ಹೆಸರನ್ನು ಮಾತ್ರ ತೆಗೆದು ಫೋಲ್ಡರ್ ಉಳಿಸಿದ್ದೇ ಅದಕ್ಕೆ ಕಾರಣ. ಕೆಲವು ಫರ್ಮ್‌ವೇರ್‌ಗಳು ಪ್ರತಿಸಲ ಡಿಸ್ಕನ್ನು ಜಾಲಾಡಿ, ಪರಿಚಿತ ಬೂಟ್ ಕಡತ ಕಂಡರೆ ಪಟ್ಟಿಗೆ ಸೇರಿಸುತ್ತವೆ. ಉಬುಂಟು ಕೂಡ ಕಳೆದುಹೋದ ಹೆಸರನ್ನು ಮರಳಿ ಬರೆಯುವ ಪುಟ್ಟ ತಂತ್ರಾಂಶವೊಂದನ್ನು ಬೂಟ್ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಏನು ಬರೆಯಬೇಕೆಂದು ಅದಕ್ಕೆ ಹೇಳುವ ಕಡತ ಉಬುಂಟು ಫೋಲ್ಡರಿನಲ್ಲಿದೆ. ಫೋಲ್ಡರ್ ಹೋದರೆ ಅದೂ ಸುಮ್ಮನಾಗುತ್ತದೆ.

ಒಂದು ಎಚ್ಚರಿಕೆ. ಉಬುಂಟು ಆಧಾರಿತ ಲಿನಕ್ಸ್ ಮಿಂಟ್ ಕೂಡ ಇಎಫ್‌ಐ ಪಾರ್ಟಿಷನ್‌ನಲ್ಲಿ ಬಳಸುವುದು ‘ಉಬುಂಟು’ ಎಂಬ ಫೋಲ್ಡರನ್ನೇ. ಉಬುಂಟು ತೆಗೆದು ಮಿಂಟ್ ಇಟ್ಟುಕೊಂಡವರು ಹೆಸರು ನೋಡಿ ಫೋಲ್ಡರ್ ಅಳಿಸಿದರೆ ಮಿಂಟ್ ಏಳುವುದಿಲ್ಲ.

ಲಿನಕ್ಸ್ ಬಂತು, ವಿಂಡೋಸ್‌ನ ಹೆಸರು ಉಳಿಯಿತು

ಇಡೀ ಡಿಸ್ಕ್ ಒರೆಸಿ ಲಿನಕ್ಸ್ ಹಾಕಿದವರಿಗೆ ಉಳಿಯುವುದು ಫರ್ಮ್‌ವೇರ್‌ನ ಹೆಸರೊಂದೇ. ಟರ್ಮಿನಲ್ ತೆರೆದು ‘ಇಎಫ್‌ಐಬೂಟ್‌ಎಂಜಿಆರ್’ ಎಂದು ಕೊಟ್ಟರೆ ಬೂಟ್0000 ಮಾದರಿಯ ಸಾಲುಗಳು, ಮೇಲೆ ಅವುಗಳ ಸರದಿ, ಈಗ ಯಾವುದರಿಂದ ಎದ್ದಿದೆ ಎಂಬ ಮಾಹಿತಿ ಕಾಣುತ್ತವೆ. ಅಳಿಸಬೇಕಾದ ಹೆಸರಿನ ಸಂಖ್ಯೆ 0003 ಎಂದುಕೊಳ್ಳಿ. ಆಗ ಆದೇಶ:

ಸುಡೊ ಇಎಫ್‌ಐಬೂಟ್‌ಎಂಜಿಆರ್ -ಬಿ 0003 -ಬಿ

ಇದರಲ್ಲಿ ಮೊದಲ ‘ಬಿ’ ಸಣ್ಣಕ್ಷರ, ಯಾವ ಸಂಖ್ಯೆ ಎಂದು ಹೇಳುತ್ತದೆ. ಎರಡನೆಯ ‘ಬಿ’ ದೊಡ್ಡಕ್ಷರ, ಅಳಿಸು ಎಂದು ಹೇಳುತ್ತದೆ.

ಡಿಸ್ಕ್ ಪೂರ್ತಿ ಒರೆಸದೆ ವಿಂಡೋಸ್ ಪಾರ್ಟಿಷನ್ ಮಾತ್ರ ಅಳಿಸಿದ್ದರೆ ಗ್ರಬ್ ಮೆನುವಿನಲ್ಲೂ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲು ಉಳಿಯುತ್ತದೆ. ಇಎಫ್‌ಐ ಪಾರ್ಟಿಷನ್‌ನಲ್ಲಿ ಮೈಕ್ರೋಸಾಫ್ಟ್ ಫೋಲ್ಡರ್ ಇನ್ನೂ ಇದೆ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಅದನ್ನು ನೋಡಿ ಒಳಗೆ ವಿಂಡೋಸ್ ಇದೆ ಎಂದೇ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಆ ಪಾರ್ಟಿಷನ್ ಸಾಮಾನ್ಯವಾಗಿ ‘/ಬೂಟ್/ಇಎಫ್‌ಐ’ ಎಂಬಲ್ಲಿ ಸಿಗುತ್ತದೆ. ಮೈಕ್ರೋಸಾಫ್ಟ್ ಫೋಲ್ಡರನ್ನು ನೇರವಾಗಿ ಅಳಿಸುವ ಬದಲು ಮೊದಲು ಹೋಮ್ ಫೋಲ್ಡರಿಗೆ ಸ್ಥಳಾಂತರಿಸಿ. ನಂತರ ಉಬುಂಟು, ಮಿಂಟ್‌ನಲ್ಲಾದರೆ ‘ಸುಡೊ ಅಪ್‌ಡೇಟ್-ಗ್ರಬ್’ ಎಂದು ಕೊಡಿ. ಮೆನು ಹೊಸದಾಗಿ ಸಿದ್ಧವಾಗುತ್ತದೆ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಆ ಪ್ರತಿಯನ್ನೂ ಅಳಿಸಬಹುದು.

ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಕಾಣುವ ಹಳೆಯ ಸಂಖ್ಯೆಗಳು ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲ, ಅದೇ ಲಿನಕ್ಸ್‌ನ ಹಿಂದಿನ ಕರ್ನೆಲ್‌ಗಳು. ‘ಸುಡೊ ಆ್ಯಪ್ಟ್ ಆಟೊರಿಮೂವ್’ ಬೇಡದವನ್ನು ತೆಗೆಯುತ್ತದೆ. ಈಗ ಬಳಕೆಯಲ್ಲಿರುವುದರ ಜೊತೆಗೆ ಹಿಂದಿನದೊಂದು ಇರಲಿ, ಹೊಸ ಕರ್ನೆಲ್ ಕೈಕೊಟ್ಟ ದಿನ ಅದೇ ಆಸರೆ.

ಹಳೆಯ ಬಯೋಸ್ ಯಂತ್ರಗಳಲ್ಲಿ

ಬಯೋಸ್ ಕಾಲದ ಯಂತ್ರದಲ್ಲಿ ಫರ್ಮ್‌ವೇರ್‌ಗೆ ವ್ಯವಸ್ಥೆಗಳ ಹೆಸರೇ ತಿಳಿದಿರುವುದಿಲ್ಲ. ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ ಅಲ್ಲಿರುವುದನ್ನು ಓಡಿಸುವುದಷ್ಟೇ ಅದರ ಕೆಲಸ. ಲಿನಕ್ಸ್ ಅಳಿಸಿದ ಮೇಲೆ ಅಲ್ಲಿ ಗ್ರಬ್‌ನ ತುಣುಕು ಉಳಿದಿದ್ದರೆ ‘ಗ್ರಬ್ ರೆಸ್ಕ್ಯೂ’ ಪರದೆ ಬರುತ್ತದೆ. ವಿಂಡೋಸ್ ಯುಎಸ್‌ಬಿಯಿಂದ ಎಬ್ಬಿಸಿ, ರಿಪೇರ್ ಆಯ್ಕೆಯ ಮೂಲಕ ಕಮಾಂಡ್ ಪ್ರಾಂಪ್ಟಿಗೆ ಹೋಗಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಎಂದರೆ ಆ ತುಣುಕಿನ ಜಾಗಕ್ಕೆ ವಿಂಡೋಸ್‌ನದು ಬರುತ್ತದೆ. ಎಷ್ಟೋ ವಿಡಿಯೊಗಳು ಎಲ್ಲರಿಗೂ ಇದನ್ನೇ ಮದ್ದೆಂದು ಹೇಳುತ್ತವೆ. ಯುಇಎಫ್‌ಐ ಯಂತ್ರದಲ್ಲಿ ಇದರಿಂದ ಯಾವ ಪ್ರಯೋಜನವೂ ಇಲ್ಲ.

ಬೇಡದ ಸಾಹಸಗಳು

ಇಎಫ್‌ಐ ಪಾರ್ಟಿಷನ್‌ನನ್ನೇ ‘ಏನೋ 100 ಎಂಬಿ ಕಸ’ ಎಂದು ಅಳಿಸಬೇಡಿ. ಲಿನಕ್ಸ್‌ನಲ್ಲಿ ಫರ್ಮ್‌ವೇರ್‌ನ ದಾಖಲೆಗಳು ಕಡತಗಳ ರೂಪದಲ್ಲಿ ಕಾಣುವ ‘ಇಎಫ್‌ಐವಾರ್ಸ್’ ಎಂಬ ಜಾಗವಿದೆ. ಅಲ್ಲಿ ಕೈಯಾರೆ ಏನನ್ನೂ ಅಳಿಸಬೇಡಿ. ಅಲ್ಲಿನದೆಲ್ಲ ಅಳಿಸಿಹೋಗಿ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಏಳದಂತಾದ ಪ್ರಕರಣಗಳು 2016ರ ಆರಂಭದಲ್ಲಿ ದೊಡ್ಡ ಚರ್ಚೆಯಾದವು. ಆ ಬಳಿಕ ಲಿನಕ್ಸ್ ಕರ್ನೆಲ್‌ನಲ್ಲೇ ಇದಕ್ಕೆ ತಡೆ ಹಾಕಲಾಯಿತು. ಒಂದೇ ಸಲ ಎರಡು-ಮೂರು ಹೆಸರು ತೆಗೆಯುವುದೂ ಬೇಡ. ಒಂದನ್ನು ತೆಗೆದು, ಯಂತ್ರ ಮತ್ತೆ ಏಳುತ್ತದೆಯೇ ನೋಡಿ, ಆಮೇಲೆ ಇನ್ನೊಂದು.

ಅಂದಹಾಗೆ, ವಿಂಡೋಸ್ 10ರ ಮೇಲೆಯೇ 11ಕ್ಕೆ ಅಪ್‌ಗ್ರೇಡ್ ಮಾಡಿಕೊಂಡವರಿಗೆ ಎರಡನೆಯ ಹೆಸರು ಹುಟ್ಟುವುದಿಲ್ಲ. ಹಿಂದಿನದು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಾಗಿ ಕೆಲಕಾಲ ಇರುತ್ತದೆ. ಅದಕ್ಕೂ ಬೂಟ್ ಮೆನುವಿಗೂ ಸಂಬಂಧವಿಲ್ಲ.

ಇಷ್ಟಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೋ ಊರಿನ ಕಂಪ್ಯೂಟರ್ ಅಂಗಡಿಗೋ ಯಂತ್ರ ಹೊತ್ತು ಹೋಗಬೇಕಿಲ್ಲ. ಎಲ್ಲ ಸಲಕರಣೆಯೂ ವಿಂಡೋಸ್‌ನಲ್ಲಿ, ಲಿನಕ್ಸ್‌ನಲ್ಲಿ ಉಚಿತವಾಗಿಯೇ ಇದೆ. ಬೇರೆ ತಂತ್ರಾಂಶ ಇಳಿಸಿಕೊಳ್ಳುವ ಅಗತ್ಯವೂ ಇಲ್ಲ. ಕ್ರಮ ತಪ್ಪದಿದ್ದರೆ ಸಾಕು: ಬೂಟ್ ಕಡತ ಯಾವ ಡಿಸ್ಕಿನಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಹೆಸರು ತೆಗೆಯಿರಿ, ಫಾರ್ಮ್ಯಾಟ್ ಕೊನೆಗಿರಲಿ. ಯಾವ ಹೆಸರು ಏನೆಂದು ತಿಳಿಯದಿದ್ದರೆ ಅದನ್ನು ಹಾಗೇ ಬಿಡಿ. ಅದು ಮೊದಲ ಆಯ್ಕೆಯಾಗಿರದಿದ್ದರೆ, ಬೇಡದ ಹೆಸರೊಂದು ಮೆನುವಿನಲ್ಲಿ ಇರುವುದರಿಂದ ಆಗುವ ನಷ್ಟ ಕೆಲವು ಸೆಕೆಂಡುಗಳದ್ದು ಮಾತ್ರ.